ಬರಹಕ್ಕೆ ಬರ ಬಂದಾಗ: ಯಾವ ದಾರಿ ಯಾರಿಗೆ?

ಈ ಬೇಸಿಗೆಯಲ್ಲಿ ಮೂವರು ನನ್ನ ಮುಂದೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಇಟ್ಟರು. ಸಿಂಧನೂರಿನಲ್ಲಿ ಬ್ಯಾಂಕ್ ನೌಕರಿ ಮಾಡುವ ತರುಣರೊಬ್ಬರು ಎರಡು ವರ್ಷಗಳಿಂದ ಒಂದು ಕಥೆಯನ್ನೂ ಮುಗಿಸಲಾಗಿಲ್ಲ ಎಂದರು. ರಜೆ ಹಾಕಿ ಆನೆಗೊಂದಿಯಲ್ಲಿ ಒಂದು ವಾರ ಕೋಣೆ ಹಿಡಿದು ಕುಳಿತರೆ ಹೇಗೆ ಎಂದು ಕೇಳಿದರು. ಬಳ್ಳಾರಿಯ ಕೌಲ್ ಬಜಾರಿನ ಗೃಹಿಣಿಯೊಬ್ಬರು ಹತ್ತು ವರ್ಷ ಕವಿತೆ ಬರೆದವರು. ತಾಯಿ ತೀರಿಕೊಂಡ ಮೇಲೆ ಪೆನ್ನು ಮುಟ್ಟಿಲ್ಲ. ದಿನವೂ ಬರೆಯುವ ವ್ರತ ಹಿಡಿಯಲೇ ಎಂಬುದು ಅವರ ಪ್ರಶ್ನೆ. ಕೊಪ್ಪಳದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕಥಾ ಕಮ್ಮಟಕ್ಕೆ ಅರ್ಜಿ ಹಾಕಲೋ ಬೇಡವೋ ಎಂದು ಕೇಳುತ್ತ, ಕೊನೆಗೆ ದನಿ ಇಳಿಸಿ, "ಅಕ್ಕಾ, ಬರೆದದ್ದನ್ನು ಮತ್ತೆ ಓದಿದರೆ ನನಗೇ ನಾಚಿಕೆಯಾಗುತ್ತದೆ" ಎಂದಳು.

ಮೂವರಿಗೂ ಬರಹ ನಿಂತಿದೆ. ನಿಂತ ಜಾಗ ಮಾತ್ರ ಬೇರೆ ಬೇರೆ. ಅದನ್ನು ಗುರುತಿಸದೆ ದಾರಿ ಆರಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಹದಿನಾಲ್ಕು ತಿಂಗಳು ಅನುಭವಿಸಿದ್ದೇನೆ. ಆ ತಿಂಗಳುಗಳಲ್ಲಿ ಸಿಕ್ಕಸಿಕ್ಕ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಕೆಲವು ಉಪಾಯಗಳಿಂದ ಇದ್ದ ಉತ್ಸಾಹವೂ ಹೋಯಿತು. ಆದ್ದರಿಂದ ಮೂವರಿಗೂ ಒಟ್ಟಿಗೆ, ಅವರಂತೆಯೇ ಇಕ್ಕಟ್ಟಿನಲ್ಲಿರುವ ಉಳಿದವರಿಗೂ ಸೇರಿಸಿ, ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ನನ್ನ ತವರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಒಂದು ಹಳ್ಳಿ. ಮುನಿರಾಬಾದಿನಲ್ಲಿ ಹೊರಡುವ ಕಾಲುವೆ 227 ಕಿಲೋಮೀಟರ್ ಹರಿದು ಬರುವಷ್ಟರಲ್ಲಿ ನಮ್ಮ ಹೊಲದ ಪಾಲಿಗೆ ಎಷ್ಟೋ ಸಲ ಬರೀ ತೇವವಷ್ಟೇ ಉಳಿದಿರುತ್ತದೆ. ನೀರು ಬಾರದ ದಿನ ನನ್ನ ಸೋದರಮಾವ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕಾರಣಗಳನ್ನು ಬೆರಳು ಮಡಚಿ ಎಣಿಸುತ್ತಿದ್ದರು. ಜಲಾಶಯದಲ್ಲೇ ನೀರಿಲ್ಲವೇ? ನೀರಿದ್ದೂ ತೂಬು ಮುಚ್ಚಿದ್ದಾರೆಯೇ? ತೂಬು ತೆರೆದಿದ್ದರೂ ಕಾಲುವೆಯಲ್ಲಿ ಹೂಳು ತುಂಬಿದೆಯೇ? ಇಲ್ಲ, ಮೇಲಿನವರು ಪಂಪ್‌ಸೆಟ್ ಇಟ್ಟು ನಡುದಾರಿಯಲ್ಲೇ ಎಳೆದುಕೊಳ್ಳುತ್ತಿದ್ದಾರೆಯೇ? ನಾಲ್ಕಕ್ಕೂ ಹೊಲ ಒಣಗಿರುವುದು ಒಂದೇ ರೀತಿ. ಆದರೆ ಹೂಳಿದ್ದಲ್ಲಿ ಸಲಿಕೆ ಬೇಕು, ತೂಬು ಮುಚ್ಚಿದ್ದರೆ ಕಚೇರಿಗೆ ಹೋಗಬೇಕು, ಜಲಾಶಯ ಖಾಲಿಯಿದ್ದರೆ ಮಳೆಗೆ ಕಾಯಬೇಕು.

ಬರಹಕ್ಕೂ ಈ ನಾಲ್ಕೇ ಪ್ರಶ್ನೆ ಕೇಳಿಕೊಳ್ಳಿ.

ಹೇಳಲು ಒಳಗೆ ಏನೂ ಉಳಿದಿಲ್ಲ ಎನಿಸುತ್ತಿದೆಯೇ? ದಣಿವು, ದುಃಖ, ಬಹುಕಾಲ ಏನನ್ನೂ ಓದದೇ ಇರುವುದು ಇದರ ಹಿಂದಿರಬಹುದು. ಅದು ಖಾಲಿ ಜಲಾಶಯ. ಒಳಗೆ ಬೇಕಾದಷ್ಟಿದೆ, ಪೆನ್ನು ಹಿಡಿದೊಡನೆ ಯಾರೋ ಹೆಗಲ ಹಿಂದೆ ನಿಂತು ನೋಡುತ್ತಿದ್ದಾರೆ ಎನಿಸುತ್ತದೆಯೇ? ಅದು ಮುಚ್ಚಿದ ತೂಬು. ಒಂದು ಕಥೆ ಅರ್ಧಕ್ಕೆ ಬಂದು ಅಲ್ಲೇ ಕುಳಿತಿದೆ, ಅದನ್ನು ದಾಟದೆ ಬೇರೆಯದಕ್ಕೆ ಕೈಹಾಕಲು ಮನಸ್ಸು ಬಾರದೇ? ಅದು ಹೂಳು. ಬರೆಯುವ ಆಸೆಯೂ ಇದೆ, ವಿಷಯವೂ ಇದೆ, ಆದರೆ ಕಚೇರಿ, ಅಡುಗೆಮನೆ, ಮಕ್ಕಳ ಪರೀಕ್ಷೆ, ಮೊಬೈಲ್ ಎಲ್ಲ ಮುಗಿದು ನಿಮ್ಮ ಸರದಿ ಬರುವಷ್ಟರಲ್ಲಿ ರಾತ್ರಿ ಹನ್ನೊಂದಾಗಿರುತ್ತದೆಯೇ? ಮೇಲಿನ ಪಂಪ್‌ಸೆಟ್ಟುಗಳು ನಿಮ್ಮ ನೀರನ್ನು ಎಳೆದುಕೊಂಡಿವೆ.

ಒಬ್ಬರಿಗೇ ಎರಡು ಕಾರಣಗಳು ಕೂಡಿಕೊಂಡಿರುವುದೂ ಉಂಟು. ಆಗ ಹೆಚ್ಚು ನೋಯುವುದನ್ನು ಮೊದಲು ಹಿಡಿಯಿರಿ.

ಇದರ ಜೊತೆಗೆ ಮೂರು ಲೆಕ್ಕ: ದಿನಕ್ಕೆ ನಿಜವಾಗಿ ಎಷ್ಟು ನಿಮಿಷ ಸಿಗುತ್ತದೆ, ಎಷ್ಟು ಹಣ ತೆಗೆದಿಡಬಲ್ಲಿರಿ, ಮನೆಯಲ್ಲಿ ನಿಮ್ಮ ನೋಟುಪುಸ್ತಕವನ್ನು ಬೇರೆಯವರು ತೆರೆದು ಓದುತ್ತಾರೆಯೇ. ಕೊನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಯ ಹೆಣ್ಣುಮಗಳಿಗೆ ಮುಖ್ಯವಾದ ಪ್ರಶ್ನೆಯೇ ಅದು.

ದಿನವೂ ಗೊತ್ತಾದ ಹೊತ್ತಿಗೆ ಬರೆಯುವುದು

ಇದು ಎಲ್ಲರೂ ಕೊಡುವ ಸಲಹೆ. ನಾಲ್ಕನೆಯ ಕಾರಣಕ್ಕೆ, ಅಂದರೆ ಹೊತ್ತು ಕಳೆದುಕೊಂಡವರಿಗೆ, ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಬಾಯ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಹ ನಿಂತುಹೋಗಿದ್ದ ಅಧ್ಯಾಪಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ಬರೆಯುವ ಕೆಲಸವನ್ನೇ ಮುಂದೂಡಬೇಕು, ಇನ್ನೊಂದು ಗುಂಪು ಮನಸ್ಸು ಬಂದಾಗ ಬರೆಯಬೇಕು, ಮತ್ತೊಂದು ಗುಂಪು ಮನಸ್ಸಿರಲಿ ಇಲ್ಲದಿರಲಿ ಗೊತ್ತಾದ ಹೊತ್ತಿಗೆ ಬರೆಯಲೇಬೇಕು. ಕಡ್ಡಾಯವಾಗಿ ಬರೆದವರು ಹೆಚ್ಚು ಪುಟ ಬರೆದರು ಎಂಬುದರಲ್ಲಿ ಆಶ್ಚರ್ಯವಿಲ್ಲ. ಹೊಸ ಹೊಳಹುಗಳು ಹೆಚ್ಚು ಮೂಡಿದ್ದೂ ಅವರಿಗೇ. ಸ್ಫೂರ್ತಿ ಬಂದ ಮೇಲೆ ಬರೆಯುತ್ತೇನೆ ಎಂದು ಕಾಯುವ ನಮ್ಮಂಥವರು ಇದನ್ನು ಗಮನಿಸಬೇಕು.

ಕೊಪ್ಪಳದವರಿಗೆ ಇದಕ್ಕೆ ಅಮೆರಿಕದ ಸಾಕ್ಷಿಯೂ ಬೇಡ. ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಕಿರು ಶಾಸನವಿದೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಅದರಲ್ಲಿ ಒಂದು ವರ್ಷ ತಾನು ಹೆಚ್ಚು ಪ್ರಯತ್ನ ಮಾಡಲಿಲ್ಲ ಎಂದು ಚಕ್ರವರ್ತಿ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಆಮೇಲೆ ಪಟ್ಟು ಹಿಡಿದೆ ಎನ್ನುತ್ತಾನೆ. ಈ ಫಲ ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂದೂ ಹೇಳುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿಸಿದ ಮಾತು. ಕಳೆದುಹೋದ ವರ್ಷವನ್ನು ಮುಚ್ಚಿಡದೆ ಒಪ್ಪಿಕೊಂಡು ಮುಂದೆ ಹೋದ ರೀತಿ ನನಗೆ ಬಹಳ ಹಿಡಿಸುತ್ತದೆ.

ಖರ್ಚು ಒಂದು ನೋಟುಪುಸ್ತಕ, ಒಂದು ಪೆನ್ನು. ಹೊತ್ತು ಇಪ್ಪತ್ತು ನಿಮಿಷ ಸಾಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕುಳಿತು ಬರೆಯುತ್ತೇನೆ ಎಂಬ ಸಂಕಲ್ಪ ಫ್ಯಾನಿನ ಕೆಳಗೆ ಕರಗಿಹೋಗುತ್ತದೆ. ಬೆಳಗಿನ ಐದೂವರೆ ಅಥವಾ ರಾತ್ರಿ ಊಟಕ್ಕೆ ಮುಂಚಿನ ಹೊತ್ತನ್ನು ಆರಿಸಿಕೊಳ್ಳಿ. ಮುಗಿಸುವಾಗ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳಿ. ಮರುದಿನ ಕುಳಿತೊಡನೆ ಆ ವಾಕ್ಯ ಕೈಹಿಡಿದು ಎಳೆದುಕೊಳ್ಳುತ್ತದೆ.

ಕಳೆದುಕೊಳ್ಳುವುದು ಏನು? ಮೊದಲ ಎರಡು ವಾರ ಬರುವ ಬರಹ ಸಪ್ಪೆಯಾಗಿರುತ್ತದೆ, ಅದನ್ನು ಸಹಿಸಬೇಕು. ಇನ್ನೊಂದು ದೊಡ್ಡ ಅಪಾಯವೂ ಇದೆ. ಜಲಾಶಯ ಖಾಲಿಯಿರುವವರು, ಅದರಲ್ಲೂ ಸಾವಿನ ಮನೆಯಿಂದ ಬಂದವರು, ಈ ವ್ರತ ಹಿಡಿದರೆ ದಿನಕ್ಕೊಂದು ಸೋಲನ್ನು ಲೆಕ್ಕ ಬರೆದಂತಾಗುತ್ತದೆ. ಕೌಲ್ ಬಜಾರಿನ ಅಕ್ಕನವರಿಗೆ ಇದನ್ನು ನಾನು ಈಗ ಹೇಳಲಾರೆ.

ತಡೆಯದೆ ಗೀಚುವುದು

ಹತ್ತು ನಿಮಿಷ ಪೆನ್ನು ಎತ್ತದೆ ಬರೆಯಿರಿ. ಒತ್ತು, ದೀರ್ಘ ನೋಡಬೇಡಿ, ಹೊಡೆದುಹಾಕಬೇಡಿ, ಏನೂ ಹೊಳೆಯದಿದ್ದರೆ "ಏನೂ ಹೊಳೆಯುತ್ತಿಲ್ಲ" ಎಂದೇ ಬರೆಯುತ್ತ ಹೋಗಿ. ತೂಬು ಮುಚ್ಚಿದವರಿಗೆ ಇದು ಬೇಗ ಫಲ ಕೊಡುವ ದಾರಿ. ಒಂದೇ ವಾರದಲ್ಲಿ ಕೈ ಸಡಿಲವಾಗುತ್ತದೆ. 1980ರಲ್ಲಿ ಮೈಕ್ ರೋಸ್ ಎಂಬ ಅಧ್ಯಾಪಕರು ಬರಹ ನಿಂತ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡಿ ಬರೆದ ಮಾತು ಇಲ್ಲಿ ನೆನಪಾಗುತ್ತದೆ. ಆ ವಿದ್ಯಾರ್ಥಿಗಳಿಗೆ ಬುದ್ಧಿಯೂ ಇತ್ತು, ಭಾಷೆಯೂ ಇತ್ತು. ಮೊದಲ ವಾಕ್ಯವೇ ಓದುಗರನ್ನು ಹಿಡಿದು ನಿಲ್ಲಿಸಬೇಕು ಎಂಬಂಥ ಕಟ್ಟಳೆಗಳನ್ನು ಬಿಗಿಯಾಗಿ ಹಿಡಿದುಕೊಂಡದ್ದೇ ಅವರನ್ನು ತಡೆದಿತ್ತು. ಗೀಚುವ ಅಭ್ಯಾಸ ಆ ಕಟ್ಟಳೆಗಳಿಗೆ ಹತ್ತು ನಿಮಿಷ ರಜೆ ಕೊಡುತ್ತದೆ.

ತೂರಿದರೆ ಕಾಳಿಗಿಂತ ಹೊಟ್ಟೇ ಹೆಚ್ಚು. ಹತ್ತು ಪುಟದಲ್ಲಿ ಒಂದು ಒಳ್ಳೆಯ ಸಾಲು ಸಿಕ್ಕರೆ ತೃಪ್ತಿಪಡಬೇಕು. ಗೀಚಿದ್ದನ್ನೇ ಕಥೆ ಎಂದು ಪತ್ರಿಕೆಗೆ ಕಳಿಸಿದರೆ ಪೆಟ್ಟು ತಿನ್ನುತ್ತೀರಿ. ಮನೆಯಲ್ಲಿ ಏಕಾಂತವಿಲ್ಲದವರು ಬಿಡಿ ಹಾಳೆಯ ಮೇಲೆ ಬರೆದು, ಬೇಕಾದ ಸಾಲನ್ನು ಇಳಿಸಿಕೊಂಡು, ಉಳಿದದ್ದನ್ನು ಹರಿದುಹಾಕಲಿ. ಹರಿಯುತ್ತೇನೆ ಎಂದು ಗೊತ್ತಿದ್ದಾಗ ಬರೆಯುವ ಕೈಗೆ ಬರುವ ಧೈರ್ಯವೇ ಬೇರೆ.

ಮೊಬೈಲಿಗೆ ಹೇಳಿ, ಆಮೇಲೆ ಬರೆಯುವುದು

ಈ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಮಂದಿಯ ತೂಬು ಮುಚ್ಚಿರುವುದು ಒಂದೇ ಕಾರಣಕ್ಕೆ: ನಾವು ಆಡುವ ಮಾತು ಬರಹಕ್ಕೆ ಸಲ್ಲದು ಎಂಬ ಅಂಜಿಕೆ.

ನನ್ನ ಹದಿನಾಲ್ಕು ತಿಂಗಳೂ ಹೀಗೆಯೇ ಆರಂಭವಾದವು. ಹತ್ತಿ ಬಿಡಿಸುವ ಹೆಂಗಸರ ಬಗ್ಗೆ ಒಂದು ಕಥೆ ಬರೆದು ಒಂದು ಪತ್ರಿಕೆಗೆ ಕಳಿಸಿದ್ದೆ. ಸಂಭಾಷಣೆಯ ಭಾಷೆ ಓದುಗರಿಗೆ ಅರ್ಥವಾಗುವುದಿಲ್ಲ, ಶುದ್ಧಗೊಳಿಸಿ ಎಂಬ ಎರಡು ಸಾಲಿನ ಪತ್ರದೊಂದಿಗೆ ಅದು ಹಿಂದೆ ಬಂತು. ಶುದ್ಧಗೊಳಿಸಲು ಕುಳಿತೆ. ಹೆಂಗಸರು ಒಬ್ಬೊಬ್ಬರಾಗಿ ಕಥೆಯಿಂದ ಎದ್ದುಹೋದರು. ಉಳಿದದ್ದು ಹತ್ತಿ ಮಾತ್ರ. ಆ ಮೇಲೆ ಯಾವ ಪಾತ್ರದ ಬಾಯಿ ತೆರೆಸಲು ಹೋದರೂ ಆ ಎರಡು ಸಾಲು ಅಡ್ಡ ಬರುತ್ತಿದ್ದವು.

ತೂಬು ತೆರೆದದ್ದು ಹೀಗೆ. ಒಂದು ಸಂಜೆ ತಂಗಿಗೆ ಫೋನಿನಲ್ಲಿ ಅದೇ ಕಥೆಯನ್ನು ಹೇಳಿದೆ, ನಾವು ಮನೆಯಲ್ಲಿ ಆಡುವ ಮಾತಿನಲ್ಲೇ. ಅವಳು ನಡುವೆ ನಡುವೆ "ಆಮೇಲೇನಾಯಿತು?" ಎಂದು ಕೇಳಿದಳು. ನಲವತ್ತು ನಿಮಿಷ ಹೇಳಿದೆ. ಮರುದಿನ ಅದನ್ನೇ ಮೊಬೈಲಿನ ರೆಕಾರ್ಡರಿಗೆ ಹೇಳಿ, ಕೇಳುತ್ತ ಕೇಳುತ್ತ ಹಾಳೆಗಿಳಿಸಿದೆ. ಯಾವ ಮಾತು ಹಾಗೆಯೇ ಉಳಿಯಬೇಕು, ಯಾವುದನ್ನು ಬರಹದ ಕನ್ನಡಕ್ಕೆ ತಿರುಗಿಸಬೇಕು ಎಂಬುದು ಕಿವಿಗೆ ತಾನಾಗಿ ತಿಳಿಯಿತು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಕೊಪಣವನ್ನೂ ಹೆಸರಿಸುತ್ತದೆ. ಕೊಪಣವೆಂದರೆ ನಮ್ಮ ಕೊಪ್ಪಳ. ನಿಮ್ಮ ಮಾತು ಕನ್ನಡದ ಅಂಚಿನಲ್ಲಿದೆ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ.

ಖರ್ಚಿಲ್ಲ, ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಕೈಬರಹ ನಿಧಾನವಾದವರಿಗೆ, ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದವರಿಗೆ ಇದು ಬಹಳ ಅನುಕೂಲ. ಆದರೆ ಹೇಳಿದ್ದನ್ನು ಹಾಳೆಗಿಳಿಸಲು ಮೂರುಪಟ್ಟು ಹೊತ್ತು ಬೇಕು. ಮಾತನ್ನು ತಾನೇ ಅಕ್ಷರವಾಗಿಸುವ ಸೌಲಭ್ಯ ಮೊಬೈಲಿನಲ್ಲಿದೆ, ನಮ್ಮ ಕಡೆಯ ಉಚ್ಚಾರಕ್ಕೆ ಅದು ಆಗಾಗ ಎಡವುತ್ತದೆ. ಕೇಳಿಸಿಕೊಂಡು ಕೈಯಲ್ಲಿ ಬರೆಯುವುದೇ ನನಗೆ ಮೇಲೆನಿಸಿದೆ, ತಿದ್ದುವ ಕೆಲಸವೂ ಅದರೊಳಗೇ ಆಗಿಬಿಡುತ್ತದೆ. ಕವಿತೆಗೆ ಈ ದಾರಿ ಅಷ್ಟಾಗಿ ಒಗ್ಗುವುದಿಲ್ಲ. ಏಕಾಂತವಿಲ್ಲದ ಮನೆಯಲ್ಲಿ ಇದು ಆಗದ ಮಾತು. ಸಂಜೆ ಮಾಳಿಗೆ ಹತ್ತಬೇಕು, ಇಲ್ಲವೇ ಹೊಲಕ್ಕೆ ಹೋಗಬೇಕು.

ಕಟ್ಟು ಹಾಕಿಕೊಂಡು ಬರೆಯುವುದು

ಕವಿಗಳಿಗೆ ಹೇಳುವ ದಾರಿ ಇದು. ಏನು ಬೇಕಾದರೂ ಬರೆಯಬಹುದು ಎಂಬ ಸ್ವಾತಂತ್ರ್ಯವೇ ಕೆಲವರ ಕೈಕಟ್ಟುತ್ತದೆ. ಅಂಥವರಿಗೆ ಛಂದಸ್ಸು ನೆರವಾಗುತ್ತದೆ. ರಾಯಚೂರು ಜಿಲ್ಲೆಯವರಿಗೆ ಎರಡು ಕಟ್ಟುಗಳು ಮನೆಯಂಗಳದಲ್ಲೇ ಇವೆ. ಒಂದು, ಮಾನ್ವಿ ಸೀಮೆಯ ಜಗನ್ನಾಥದಾಸರು ಹಿಡಿದ ಭಾಮಿನಿ ಷಟ್ಪದಿ. ಇನ್ನೊಂದು, ಕವಿ ಶಾಂತರಸರು ಕನ್ನಡದಲ್ಲಿ ಬೇರೂರಿಸಿದ ಗಜಲ್.

ನಿಂತ ಕೈಗೆ ಗಜಲೇ ಸುಲಭ. ಭಾಮಿನಿಯಲ್ಲಿ ಮೂರು-ನಾಲ್ಕು ಮಾತ್ರೆಗಳ ಗಣ ಎಣಿಸಬೇಕು, ಆದಿಪ್ರಾಸ ಹೊಂದಿಸಬೇಕು, ಆರು ಸಾಲು ತುಂಬದೆ ಪದ್ಯ ನಿಲ್ಲುವುದಿಲ್ಲ. ಗಜಲಿನಲ್ಲಿ ಎರಡು ಸಾಲು ಬರೆದರೂ ಅದೊಂದು ಶೇರ್, ತಾನೇ ತಾನಾಗಿ ನಿಲ್ಲುತ್ತದೆ. ರದೀಫಾಗಿ, ಅಂದರೆ ಸಾಲಿನ ಕೊನೆಯಲ್ಲಿ ಮರುಕಳಿಸುವ ಮಾತಾಗಿ, "ಇನ್ನೂ ಬಂದಿಲ್ಲ" ಎಂದು ಇಟ್ಟುಕೊಳ್ಳಿ, ಅದರ ಹಿಂದಿನ ಪ್ರಾಸಪದವಾದ ಕಾಫಿಯಾಕ್ಕೆ ಮಳೆ, ಹೊಳೆ, ಬೆಳೆ, ಕಳೆ. ಮಳೆ ಇನ್ನೂ ಬಂದಿಲ್ಲ, ಹೊಳೆ ಇನ್ನೂ ಬಂದಿಲ್ಲ, ಮುಖಕ್ಕೆ ಕಳೆ ಇನ್ನೂ ಬಂದಿಲ್ಲ. ಸಾಲಿನ ಕೊನೆ ಸಿದ್ಧವಾಗಿದೆ, ಅದಕ್ಕೆ ತಕ್ಕ ಆರಂಭವನ್ನು ಹುಡುಕಿದರಾಯಿತು. ಬಸ್ಸಿಗೆ ಕಾಯುತ್ತ ನಿಂತಾಗಲೂ ಮಾಡಬಹುದು, ಹಾಳೆಯೂ ಬೇಡ, ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಾಸದ ಹಿಂದೆ ಓಡಿ ಮಾತು ಪೊಳ್ಳಾಗುವ ಅಪಾಯ ಇದ್ದೇ ಇದೆ. ಕಥೆಗಾರರಿಗೆ ಇದರಿಂದ ಕೈ ಸಡಿಲವಾದೀತು, ಕಥೆ ಮುಂದುವರಿಯಲಾರದು.

ಅರ್ಧಕ್ಕೆ ನಿಂತ ಕಥೆಗೆ ಅಂಚೆ ಕಾರ್ಡು

ಹೂಳು ತುಂಬಿದವರಿಗೆ ನನ್ನ ಉತ್ತರ ಚಿಕ್ಕದು. ಐವತ್ತು ಪೈಸೆಯ ಒಂದು ಅಂಚೆ ಕಾರ್ಡು ತೆಗೆದುಕೊಳ್ಳಿ. ಕಥೆಯನ್ನು ಓದದ ಒಬ್ಬ ನೆಂಟರಿಗೆ, ಚಿಕ್ಕಪ್ಪನಿಗೋ ಅತ್ತೆಗೋ, ಅದರಲ್ಲಿ ಏನಾಗುತ್ತದೆ ಎಂದು ಬರೆಯಿರಿ. ಕಾರ್ಡಿನಲ್ಲಿ ಹಿಡಿಯದ ಪಾತ್ರ, ಹಿಡಿಯದ ಘಟನೆ ಯಾವುದೋ ಅದೇ ಹೆಚ್ಚಾಗಿ ಹೂಳು. ಆಮೇಲೆ ಕೊನೆಯ ದೃಶ್ಯವನ್ನು ಮೊದಲು ಬರೆದು, ನಿಂತ ಜಾಗದ ಕಡೆಗೆ ಹಿಮ್ಮುಖವಾಗಿ ಬನ್ನಿ. ಹೀಗೆ ಮಾಡಿಯೂ ತಿಂಗಳೊಳಗೆ ಅಲುಗದಿದ್ದರೆ ಆ ಕಥೆಯನ್ನು ಟ್ರಂಕಿನಲ್ಲಿಟ್ಟು ಬೇರೆಯದನ್ನು ಆರಂಭಿಸಿ. ಬಿಡಲಾರೆ ಎನ್ನುವ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಒಂದು ಕಥೆಗಾಗಿ ಮುಂದಿನ ಹತ್ತನ್ನು ತಡೆದಿಡುವುದು ದುಬಾರಿ.

ಬರೆಯದೆ ಇರುವುದು: ಬಿಡುವು, ನಡಿಗೆ, ಓದು

ಬರೆಯದೆ ಇರುವುದೂ ಒಂದು ಆಯ್ಕೆ. ಅದನ್ನು ಸೋಮಾರಿತನವೆಂದು ತಳ್ಳಿಹಾಕುವವರೊಡನೆ ನನಗೆ ಜಗಳವಿದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಮೇಲಿನ ಮಣ್ಣು ಪುಡಿಯಾಗಿ ಆ ಬಿರುಕಿಗೆ ಬೀಳುತ್ತದೆ, ಮಳೆ ಬಿದ್ದಾಗ ನೆಲ ಉಬ್ಬಿ ಒಳಗಿನದು ಮೇಲೆ ಬರುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಇದು. ಬಿರಿದ ಹೊಲವನ್ನು ನೋಡಿ ಕೆಲಸ ನಿಂತಿದೆ ಎಂದು ಯಾವ ರೈತನೂ ಹೇಳುವುದಿಲ್ಲ.

ತಾಯಿಯನ್ನು ಕಳೆದುಕೊಂಡ ಕವಯಿತ್ರಿಗೆ ನಾನು ಹೇಳಿದ್ದು ಇದನ್ನೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ತುಂಬಿ ನಿಂತಿದ್ದ ಜಲಾಶಯ, ಹೋದದ್ದು ಮೂವತ್ತಮೂರರಲ್ಲಿ ಒಂದೇ ಗೇಟು, ಆದರೂ ನೀರು ಹೊರಗೆ ಹೋಗುತ್ತಲೇ ಇತ್ತು. ಆ ಹೊತ್ತಿನಲ್ಲಿ ಯಾರೂ ಕಾಲುವೆಯ ಕೊನೆಯಲ್ಲಿ ನಿಂತು ನಮ್ಮ ಹೊಲಕ್ಕೆ ಬಿಡಿ ಎನ್ನಲಿಲ್ಲ. ಮೊದಲು ಗೇಟಿನ ಜಾಗಕ್ಕೆ ಹಲಗೆ ಇಳಿಸಬೇಕಿತ್ತು, ಹರಿಯುವ ನೀರಿನಲ್ಲೇ ಇಳಿಸಿದರು. ದುಃಖದಲ್ಲಿರುವವರು ಮೊದಲು ಊಟ, ನಿದ್ದೆ, ನಾಲ್ಕು ಜನರ ಮಾತು ಇವುಗಳನ್ನು ಸರಿಮಾಡಿಕೊಳ್ಳಲಿ. ಕವಿತೆ ಆಮೇಲೆ.

ಬಿಡುವಿನಲ್ಲಿ ಮಾಡಬೇಕಾದದ್ದು ಎರಡೇ. ಒಂದು ನಡಿಗೆ. ಸ್ಟಾನ್‌ಫರ್ಡ್‌ನ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಯೋಚನೆಗಳು ಹೆಚ್ಚು ಹೊಳೆದವು, ನಡೆದು ಬಂದು ಕುಳಿತ ಮೇಲೂ ಅದರ ಪರಿಣಾಮ ಸ್ವಲ್ಪ ಹೊತ್ತು ಉಳಿಯಿತು. ನಾನು ಬೆಳಿಗ್ಗೆ ರಾಯಚೂರಿನ ಆಮ್ ತಲಾಬ್ ಕೆರೆಯ ದಂಡೆಯಿಂದ ಕೋಟೆಯ ಕಡೆ ಹೋಗುತ್ತೇನೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ಆ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ. ಆ ಕಲ್ಲನ್ನು ಅಲ್ಲಿಗೆ ತಂದದ್ದು ಹೇಗೆ ಎಂಬುದನ್ನೂ ಗೆರೆಗಳಲ್ಲಿ ಕೊರೆದಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಸಾಲುಸಾಲಾಗಿ ಕೋಣಗಳು. ಗೆರೆಗಳು ಮಸುಕಾಗಿವೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಒಂದು ಕೋಣದ ಬೆನ್ನು, ಒಂದು ಗಾಲಿಯ ಸುತ್ತು ಕಾಣುತ್ತವೆ, ಸೂರ್ಯ ಏರಿದರೆ ಮತ್ತೆ ಬರೀ ಕಲ್ಲು. ಹದಿನಾಲ್ಕು ತಿಂಗಳ ನಡುವಿನಲ್ಲೊಂದು ದಿನ ಅದರ ಮುಂದೆ ನಿಂತಾಗ, ಆ ಕೋಣಗಳಿಗೆ ನೀರು ಕುಡಿಸಿದವರು ಯಾರು ಎಂಬ ಪ್ರಶ್ನೆ ಹುಟ್ಟಿತು. ಬಹಳ ದಿನಗಳ ಮೇಲೆ ನನ್ನೊಳಗೆ ತಾನಾಗಿ ಹುಟ್ಟಿದ ಮೊದಲ ಪ್ರಶ್ನೆ ಅದು.

ಎರಡನೆಯದು ಓದು. ನಗರದಲ್ಲಿ ಕೇಂದ್ರ ಗ್ರಂಥಾಲಯ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ನೀವು ಬರೆಯುವ ಪ್ರಕಾರವನ್ನು ಬಿಟ್ಟು ಬೇರೆಯದನ್ನು ಓದಿ. ಕವಿಯಾದರೆ ಕೃಷಿ, ಇತಿಹಾಸ. ಕಥೆಗಾರರಾದರೆ ವಚನ, ದಾಸರ ಪದ.

ಈ ದಾರಿಯ ತೊಂದರೆಯೆಂದರೆ ಇದಕ್ಕೆ ಗಡುವಿಲ್ಲ, ತಿಂಗಳು ವರ್ಷವಾಗುತ್ತದೆ. ಆದ್ದರಿಂದ ಪಂಚಾಂಗದಲ್ಲಿ ಒಂದು ದಿನ ಗುರುತು ಹಾಕಿಕೊಳ್ಳಿ. ಸೀಗೆ ಹುಣ್ಣಿಮೆಗೆ ಎರಡು ಸಾಲು ಬರೆದು ನೋಡುತ್ತೇನೆ, ಅಲ್ಲಿಯವರೆಗೆ ತಪ್ಪಿತಸ್ಥಳಂತೆ ಕೊರಗುವುದಿಲ್ಲ ಎಂದು. ಇನ್ನೊಂದು ಮಾತು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ಬರಹದ ತೊಂದರೆಯೆಂದು ಕರೆಯಬೇಡಿ. ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.

ಕಮ್ಮಟವೋ, ನಾಲ್ಕು ಜನರ ಕೂಟವೋ

ಕಮ್ಮಟದಲ್ಲಿ ಎರಡು ಮೂರು ದಿನ ಬರಹದ ಮಾತೇ ಮಾತು. ಹೊಸಬರಿಗೆ ಅದೊಂದು ಹಬ್ಬ. ಕರ್ನಾಟಕ ಸಾಹಿತ್ಯ ಅಕಾಡೆಮಿಯಂಥ ಸಂಸ್ಥೆಗಳು ನಡೆಸುವ ಕಮ್ಮಟಗಳಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ. ಆದರೆ ಉತ್ಸಾಹ ಇಳಿಯುವುದು ಊರಿಗೆ ಮರಳಿದ ಎರಡನೆಯ ವಾರದಲ್ಲಿ. ತೂಬು ಮುಚ್ಚಿಕೊಂಡಿರುವವರು ಮೂವತ್ತು ಜನರೆದುರು ಕಥೆ ಓದಿ, ಹಿರಿಯರೊಬ್ಬರ ಬಿರುಸಿನ ಮಾತು ಕೇಳಿ, ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು ಬಂದದ್ದನ್ನೂ ಕಂಡಿದ್ದೇನೆ.

ಅದಕ್ಕೇ ನನಗೆ ಸಣ್ಣ ಕೂಟ ಇಷ್ಟ. ಹದಿನೈದು ದಿನಕ್ಕೊಮ್ಮೆ ನಾಲ್ವರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ತಲೆಗೆ ಐವತ್ತು ರೂಪಾಯಿ ದಾಟುವುದಿಲ್ಲ. ನಿಯಮ ಒಂದೇ: ಮೊದಲ ಸುತ್ತಿನಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವಂತಿಲ್ಲ, ನಿಮಗೆ ಏನು ಕಂಡಿತು ಎಂದಷ್ಟೇ ಹೇಳಬೇಕು. ಸಾವಿತ್ರಮ್ಮನ ಪಾತ್ರ ಬಾಗಿಲಲ್ಲಿ ನಿಂತದ್ದು ಕಂಡಿತು, ಒಳಗೆ ಬಂದದ್ದು ಕಾಣಲಿಲ್ಲ ಎಂದು ಒಬ್ಬರು ಹೇಳಿದರೆ, ಬರೆದವರಿಗೆ ತಿದ್ದಬೇಕಾದ ಜಾಗ ತಾನೇ ತಿಳಿಯುತ್ತದೆ. ಮೆಚ್ಚುಗೆಗೇ ಬರೆಯುವ ಚಟ ಹತ್ತದಂತೆಯೂ ಈ ನಿಯಮ ಕಾಯುತ್ತದೆ. ಮನೋವಿಜ್ಞಾನಿ ತೆರೇಸಾ ಅಮಾಬಿಲೆ 1985ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ್ದರು. ಹೆಸರು, ಹಣದಂಥ ಹೊರಗಿನ ಕಾರಣಗಳಿಗೆ ಬರೆಯುವುದರ ಬಗ್ಗೆ ಬರಹಗಾರರು ಕೆಲವೇ ನಿಮಿಷ ಯೋಚಿಸುವಂತೆ ಮಾಡಿದಾಗ, ಆ ಮೇಲೆ ಅವರು ಬರೆದ ಕವಿತೆಗಳಲ್ಲಿ ಸೃಜನಶೀಲತೆ ಕಡಿಮೆಯಾಗಿತ್ತು. ಬರೆದ ಕೂಡಲೇ ಫೇಸ್‌ಬುಕ್‌ನಲ್ಲಿ ಹಾಕಿ ಲೈಕ್ ಎಣಿಸುವವರು ಒಂದು ತಿಂಗಳು ಅದನ್ನು ನಿಲ್ಲಿಸಿ ನೋಡಲಿ.

ಊರು ಬಿಟ್ಟು ಹೋಗುವುದು

ಎಲ್ಲಕ್ಕಿಂತ ಹೆಚ್ಚು ಹಣ ಬೇಡುವ ದಾರಿ ಇದು. ಕೋಣೆ, ಊಟ, ಓಡಾಟ ಎಲ್ಲ ಸೇರಿ ಒಂದು ವಾರಕ್ಕೆ ಹಲವು ಸಾವಿರ ಬೇಕು. ಚಳಿಗಾಲದಲ್ಲಿ ಹಂಪಿಯ ಪ್ರವಾಸಿಗರು ಬರುವುದರಿಂದ ಆನೆಗೊಂದಿಯಲ್ಲಿ ಬಾಡಿಗೆಯೂ ಏರುತ್ತದೆ. ಅರ್ಧ ಬರೆದ ಕಾದಂಬರಿ ಕೈಯಲ್ಲಿದ್ದು, ದಾರಿ ಸ್ಪಷ್ಟವಾಗಿದ್ದು, ಬಿಡುವಷ್ಟೇ ಬೇಕಿರುವವರಿಗೆ ಈ ಹಣ ಸಾರ್ಥಕ. ಏನು ಬರೆಯಬೇಕೆಂದು ತಿಳಿಯದೆ ಹೋದವರು ಮೊದಲ ದಿನ ಹೊಳೆ ನೋಡುತ್ತಾರೆ, ಎರಡನೆಯ ದಿನ ಬೆಟ್ಟ ಹತ್ತುತ್ತಾರೆ, ಮೂರನೆಯ ದಿನ ಖರ್ಚಿನ ಲೆಕ್ಕ ಮಾಡುತ್ತ ಕೂರುತ್ತಾರೆ.

ಕಡಿಮೆ ಹಣದಲ್ಲಿ ಇದರ ಅರ್ಧ ಫಲ ಪಡೆಯಬಹುದು. ಒಂದು ಭಾನುವಾರ ಬೆಳಿಗ್ಗೆ ಸಾಮಾನ್ಯ ಬಸ್ಸು ಹತ್ತಿ, ಮಸ್ಕಿಗೋ ಇಟಗಿಗೋ ಹುಲಿಗಿಗೋ ಹೋಗಿ, ದೇವಸ್ಥಾನದ ಕಟ್ಟೆಯ ಮೇಲೆ ಮೂರು ತಾಸು ಬರೆದು ಸಂಜೆ ಮರಳಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಮನೆಯಲ್ಲಿ ಏಕಾಂತ ಸಿಗದವರಿಗೆ ಕಿಟಕಿ ಪಕ್ಕದ ಸೀಟೇ ಒಂದು ಕೋಣೆ.

ಮೂವರಿಗೆ

ಸಿಂಧನೂರಿನ ತಮ್ಮನಿಗೆ: ನಿಮ್ಮ ನೀರು ಎಳೆಯುತ್ತಿರುವುದು ಮೇಲಿನ ಪಂಪ್‌ಸೆಟ್ಟುಗಳು, ಜೊತೆಗೆ ಒಂದು ಕಥೆ ಹೂಳಾಗಿ ಕುಳಿತಿದೆ. ಆನೆಗೊಂದಿಯ ಹಣ ಈಗ ಖರ್ಚು ಮಾಡಬೇಡಿ. ಮೊದಲು ಅಂಚೆ ಕಾರ್ಡು ಬರೆಯಿರಿ. ಬ್ಯಾಂಕಿಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕುಳಿತುಕೊಳ್ಳಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಗಡುವು ತಲೆಯಲ್ಲಿದ್ದರೆ, ಈ ವರ್ಷ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮೂರು ತಿ‍ಂಗಳಲ್ಲಿ ಕಥೆ ಮುಕ್ಕಾಲು ಮುಗಿದರೆ ಆಗ ರಜೆ ಹಾಕಿ ಹೋಗಿ.

ಕೊಪ್ಪಳದ ತಂಗಿಗೆ: ಕಮ್ಮಟದ ಅರ್ಜಿ ಹಾಕು, ಆದರೆ ಅಲ್ಲಿಗೆ ಹೋಗುವ ಮುಂಚೆ ಒಂದು ತಿಂಗಳು ಗೀಚು, ನಿನ್ನ ಅಜ್ಜಿಗೆ ಹೇಳುವ ಹಾಗೆ ಒಂದು ಕಥೆಯನ್ನು ಮೊಬೈಲಿಗೆ ಹೇಳು. ನಾಚಿಕೆಯಾಗುವ ಸಾಲುಗಳನ್ನು ಹೊಡೆದುಹಾಕಬೇಡ, ಅಡಿಗೆರೆ ಎಳೆದಿಡು. ಅವುಗಳಲ್ಲಿ ಅರ್ಧದಷ್ಟು ನಿನ್ನ ಒಳ್ಳೆಯ ಸಾಲುಗಳೇ ಇರುತ್ತವೆ, ಕಮ್ಮಟದಿಂದ ಬಂದ ಮೇಲೆ ಇಬ್ಬರೂ ಕೂಡಿ ನೋಡೋಣ.

ಕೌಲ್ ಬಜಾರಿನ ಅಕ್ಕನವರಿಗೆ: ಸೀಗೆ ಹುಣ್ಣಿಮೆಯವರೆಗೆ ಏನೂ ಬರೆಯಬೇಡಿ. ತಂಪು ಹೊತ್ತಿನಲ್ಲಿ ಗುಡ್ಡದ ಬುಡದವರೆಗೆ ನಡೆದು ಬನ್ನಿ. ತಾಯಿಯವರ ಅಡುಗೆಗಳಲ್ಲಿ ನೆನಪಿರುವುದನ್ನು, ಅಳತೆ ಸಮೇತ, ಮಗಳಿಗೆ ಹೇಳುತ್ತ ಹೋಗಿ. ಅವಳು ಬರೆದುಕೊಳ್ಳಲಿ. ಹುಣ್ಣಿಮೆಯ ದಿನ ಆ ನೋಟುಪುಸ್ತಕವನ್ನು ತೆರೆದು ಓದಿ, ಬರೆಯಬೇಕೆನಿಸಿದರೆ ಅದರ ಕೊನೆಯ ಪುಟದಲ್ಲೇ ಬರೆಯಿರಿ.

ಯಾವ ದಾರಿ ಹಿಡಿದರೂ ಮೂರು ವಾರ ಬಿಡದೆ ಮಾಡಿ. ಅಷ್ಟರಲ್ಲಿ ತೇವವೂ ಕಾಣದಿದ್ದರೆ, ಕಾರಣ ಗುರುತಿಸುವುದರಲ್ಲಿ ತಪ್ಪಿದೆ ಎಂದು ತಿಳಿದು ಮತ್ತೆ ಮೊದಲ ನಾಲ್ಕು ಪ್ರಶ್ನೆಗಳಿಗೆ ಹಿಂದಿರುಗಿ. ನಾನು ಎರಡು ಸಲ ಹಿಂದಿರುಗಿದ್ದೆ.